ಮರಳಲ್ಲಿ ಕಾವಿಗೆ ಕೂತ ಡೈನೋಸಾರ್

1923ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಲಿ, ಬಯಾನ್‌ಜಾಗ್ ಅನ್ನೋ ಕೆಂಪು ಬಂಡೆಗಳ ಜಾಗದಲ್ಲಿ, ರಾಯ್ ಚಾಪ್‌ಮನ್ ಆಂಡ್ರೂಸ್ ಅವರ ಅಮೆರಿಕನ್ ತಂಡಕ್ಕೆ ಮೊಟ್ಟೆ ತುಂಬಿದ ಗೂಡುಗಳು ಸಿಕ್ಕಿದ್ವು. ಅಲ್ಲಿ ಎಲ್ಲಿ ನೋಡಿದ್ರೂ ಪ್ರೊಟೊಸೆರಟಾಪ್ಸ್ ಅನ್ನೋ ಸಸ್ಯಾಹಾರಿ ಡೈನೋಸಾರ್ ಮೂಳೆಗಳೇ, ಹಾಗಾಗಿ ಮೊಟ್ಟೆನೂ ಅದರದ್ದೇ ಅಂದ್ಕೊಂಡ್ರು. ಒಂದು ಗೂಡಿನ ಮೇಲೆ ಮಾತ್ರ ಬೇರೆ ಯಾವುದೋ ಪ್ರಾಣಿಯ ಅಸ್ಥಿಪಂಜರ ಇತ್ತು, ಬಾಯಲ್ಲಿ ಹಲ್ಲಿಲ್ಲ, ಕೊಕ್ಕು. ಕದಿಯೋಕೆ ಬಂದು ಸತ್ತಿರಬೇಕು ಅಂತ 1924ರಲ್ಲಿ ಅದಕ್ಕೆ ಓವಿರಾಪ್ಟರ್, ಅಂದ್ರೆ ಮೊಟ್ಟೆ ಕಳ್ಳ, ಅಂತ ಹೆಸರಿಟ್ರು. ಹೆಸರಿಟ್ಟ ವಿಜ್ಞಾನಿ ಆಸ್ಬಾರ್ನ್ ಅವರೇ ಈ ಹೆಸರು ನಮ್ಮನ್ನ ದಾರಿ ತಪ್ಪಿಸಬಹುದು ಅಂತಾನೂ ಬರೆದಿದ್ರು, ಅದನ್ನ ಜನ ಅಷ್ಟಾಗಿ ನೆನಪಿಟ್ಕೊಳ್ಳಲಿಲ್ಲ.

ಸುಮಾರು 70 ವರ್ಷ ಆದ್ಮೇಲೆ, 1993ರಲ್ಲಿ, ಅದೇ ಗೋಬಿಯ ಉಖಾ ತೋಲ್ಗೋದ್‌ನಲ್ಲಿ ಅಂಥದ್ದೇ ಒಂದು ಮೊಟ್ಟೆ ಸಿಕ್ತು, ಒಳಗೆ ಭ್ರೂಣದ ಮೂಳೆಗಳಿದ್ವು, ನೋಡಿದ್ರೆ ಅದು ಓವಿರಾಪ್ಟರ್ ಕುಟುಂಬದ್ದೇ ಮರಿ! ಅಲ್ಲೇ ಇನ್ನೊಂದು ಗೂಡಲ್ಲಿ ದೊಡ್ಡ ಪ್ರಾಣಿಯೇ ಕೂತಿತ್ತು, ಕಾಲು ಮಡಚಿ, ಕೈ ಎರಡೂ ಕಡೆ ಹರಡಿ ಮೊಟ್ಟೆಗಳನ್ನ ತಬ್ಬಿಕೊಂಡು, ನಮ್ಮ ಹಿತ್ತಲಲ್ಲಿ ಕೋಳಿ ಕಾವಿಗೆ ಕೂರತ್ತಲ್ಲ ಹಾಗೆ. ಈ ಜಾತಿಗೆ ಆಮೇಲೆ ಇಟ್ಟ ಹೆಸರು ಚಿತಿಪತಿ, ಸಂಸ್ಕೃತದ್ದೇ, ಚಿತೆಯ ಒಡೆಯ ಅಂತ ಅರ್ಥ. ಕಳ್ಳ ಅನ್ನಿಸಿಕೊಂಡಿದ್ದಕ್ಕೆ ಮಾತ್ರ ಹೆಸರು ಬದಲಾಗಲ್ಲ, ಮೊದಲು ಇಟ್ಟಿದ್ದೇ ಉಳಿಯತ್ತೆ ಅನ್ನೋದು ನಿಯಮ, ನನಗಂತೂ ಪಾಪ ಅನ್ಸತ್ತೆ.

ಆದ್ರೆ ಕಾವಿಗೆ ಕೂತಿದ್ದು ಕೂತ ಹಾಗೇ ಸತ್ತಿದ್ದು ಹೇಗೆ? ಮರಳು ಬಿರುಗಾಳಿ ಮುಚ್ಚಿಹಾಕಿರಬೇಕು ಅಂತಾನೇ ತುಂಬಾ ಜನ ನಂಬಿದ್ರು. 1990ರ ದಶಕದ ಕೊನೆಗೆ ಡೇವಿಡ್ ಲೂಪ್ ಅನ್ನೋ ಭೂವಿಜ್ಞಾನಿ ಮತ್ತವರ ಜೊತೆಯವರು ಮೂಳೆ ಬಿಟ್ಟು ಸುತ್ತಲಿನ ಕಲ್ಲನ್ನ ನೋಡಿದ್ರು. ಗಾಳಿ ಗುಡ್ಡೆ ಹಾಕಿದ ಮರಳು ಕಲ್ಲಾದಾಗ ಓರೆ ಓರೆ ಪದರ ಕಾಣತ್ತೆ, ಆ ಕಲ್ಲಲ್ಲಿ ಹೆಜ್ಜೆ ಗುರುತು ಇದೆ, ಅಸ್ಥಿಪಂಜರ ಇಲ್ಲ! ಅಸ್ಥಿಪಂಜರ ಎಲ್ಲಾ ಇರೋದು ಪದರವೇ ಇಲ್ಲದ ಕಲ್ಲಲ್ಲಿ, ಅದ್ರಲ್ಲಿ ಗಾಳಿ ಹೊತ್ತು ತರೋಕಾಗದಷ್ಟು ದಪ್ಪ ಹರಳುಗಳೂ ಇವೆ. ಅಂದ್ರೆ ಆ ಮರಳು ಗಾಳಿಲಿ ಬಂದಿದ್ದಲ್ಲ, ಜಾರಿ ಬಂದಿದ್ದು. ದಿಬ್ಬದ ಒಳಗೆ ಸುಣ್ಣ ಕಟ್ಟಿ ಗಟ್ಟಿಯಾದ ಪದರ ಇರ್ತಿತ್ತು, ಜೋರು ಮಳೆ ಬಂದ್ರೆ ನೀರು ಅದನ್ನ ದಾಟಿ ಇಳಿಯಲ್ಲ, ಮೇಲಿನ ಮರಳು ನೆನೆದು ಭಾರ ಆಗಿ ಒಟ್ಟಿಗೆ ಕುಸಿಯತ್ತೆ, ಕೆಳಗೆ ಗೂಡು ಕಟ್ಟಿದ್ದು, ಬಿಲ ತೋಡಿದ್ದು ಎಲ್ಲಾ ಮುಚ್ಚಿಹೋಗತ್ತೆ.

ನನಗೆ ಎಷ್ಟು ಸಲ ಓದಿದ್ರೂ ಮೈ ಜುಂ ಅನ್ನೋದು ಇಲ್ಲೇ. ಸುಮಾರು ಏಳೂವರೆ ಕೋಟಿ ವರ್ಷದ ಹಿಂದೆ ಅಲ್ಲಿ ಬರೀ ಒಣ ಮರಳಿರಲಿಲ್ಲ, ಮಳೆ ಬರ್ತಿತ್ತು, ಹಲ್ಲಿ, ಇಲಿಯಷ್ಟು ಚಿಕ್ಕ ಸಸ್ತನಿಗಳು, ವೆಲಾಸಿರಾಪ್ಟರ್ ಅನ್ನೋ ಬೇಟೆಗಾರ ಡೈನೋಸಾರ್ ಎಲ್ಲಾ ಇದ್ವು, ಅವಕ್ಕೆಲ್ಲ ಜೀವ ಕೊಟ್ಟಿದ್ದೂ ಆ ಮಳೆನೇ, ಗೂಡಿನ ಮೇಲೆ ಕೂತಿದ್ದನ್ನ ಎದ್ದು ಓಡೋಕೂ ಬಿಡದೆ ಹೂತುಹಾಕಿದ್ದೂ ಆ ಮಳೆನೇ.