ಒಂದು ಕಾರ್ಡು, ಎರಡು ಒಪ್ಪಿಗೆ

ಹಸುಗೂಸಿನ ರಕ್ತ ಪರೀಕ್ಷೆ ಅಂದ ಕೂಡಲೇ "ಹೆತ್ತವರ ಒಪ್ಪಿಗೆ ಬೇಕೋ ಬೇಡವೋ" ಅಂತ ಒಂದೇ ಪ್ರಶ್ನೆಯಾಗಿ ಉತ್ತರ ಬರೆದುಬಿಡುತ್ತೇವೆ. ನಾನೂ ಮೊದಲು ಹಾಗೇ ಬರೆದಿದ್ದೆ. ಇಲ್ಲಿರುವುದು ಎರಡು ಪ್ರಶ್ನೆ. ಪರೀಕ್ಷೆ ಮಾಡೋದಕ್ಕೆ ಒಪ್ಪಿಗೆ ಬೇರೆ, ಮಿಕ್ಕ ರಕ್ತ ಇಟ್ಟುಕೊಳ್ಳೋದಕ್ಕೆ ಒಪ್ಪಿಗೆ ಬೇರೆ. ಅಮೆರಿಕದ ಟೆಕ್ಸಸ್ ಕೇಸ್ ಓದಿದ ಮೇಲೆ ನನಗಿದು ತಲೆಗೆ ಹೋಯಿತು.

ಮೊದಲು ಕಾರ್ಡ್ ನೋಡೋಣ. ಮಗು ಹುಟ್ಟಿ ಒಂದೆರಡು ದಿನಕ್ಕೆ ನರ್ಸ್ ಅದರ ಹಿಮ್ಮಡಿಗೆ ಚುಚ್ಚಿ, ದಪ್ಪ ಫಿಲ್ಟರ್ ಪೇಪರಿನ ಮೇಲೆ ಅಚ್ಚಾದ ಪುಟ್ಟ ವೃತ್ತಗಳಿಗೆ ರಕ್ತ ಇಳಿಸುತ್ತಾರೆ. ಒಣಗಿದ ಮೇಲೆ ಲ್ಯಾಬಿಗೆ ಕಳಿಸುತ್ತಾರೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗಥ್ರಿ ಇದನ್ನು ಪಿಕೆಯು (ಆಹಾರದ ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಪತ್ತೆಗೆ ರೂಪಿಸಿದರು. ಪಿಕೆಯು ಇರುವ ಕೂಸು ನೋಡೋಕೆ ಚೆನ್ನಾಗೇ ಇರುತ್ತದೆ. ಬೇಗ ಪಥ್ಯ ಶುರುವಾಗದಿದ್ದರೆ ಮಿದುಳಿಗೆ ಹಾನಿ. ಕಾಯೋಕೆ ಟೈಮಿಲ್ಲ, ಲಾಭವೂ ಅದೇ ಮಗುವಿಗೆ. ಹಾಗಾಗಿ ಅಮೆರಿಕದ ಹೆಚ್ಚಿನ ರಾಜ್ಯಗಳು ಸಹಿ ಕೇಳದೆ ಪರೀಕ್ಷೆ ಮಾಡುತ್ತವೆ. ಇದಕ್ಕೆ ನನ್ನ ತಕರಾರಿಲ್ಲ.

ತಕರಾರು ಕಾರ್ಡಿನಲ್ಲಿ ಮಿಕ್ಕ ರಕ್ತದ ಚುಕ್ಕೆಯದ್ದು. ಒಣ ರಕ್ತದಲ್ಲೂ ಡಿಎನ್‌ಎ ವರ್ಷಗಟ್ಟಲೆ ಉಳಿಯುತ್ತದೆ. ಟೆಕ್ಸಸ್ 2002ರಿಂದ ಕಾರ್ಡುಗಳನ್ನು ಎಸೆಯದೆ ಕೂಡಿಡುತ್ತಾ ಬಂತು, ಹೆತ್ತವರನ್ನು ಕೇಳಲಿಲ್ಲ. 2009ರಲ್ಲಿ ಕೆಲವು ಹೆತ್ತವರು ಕೋರ್ಟಿಗೆ ಹೋದರು. ಅದು ರಾಜಿಯಲ್ಲಿ ಮುಗಿಯಿತು, 50 ಲಕ್ಷಕ್ಕೂ ಜಾಸ್ತಿ ಕಾರ್ಡುಗಳನ್ನು ನಾಶ ಮಾಡಬೇಕಾಯಿತು. ಹೀಗೆ ಕೂಡಿಟ್ಟವುಗಳಲ್ಲಿ 800 ಮಾದರಿಗಳು ಸೇನೆಯ ಡಿಎನ್‌ಎ ಲ್ಯಾಬಿಗೆ ಹೋಗಿದ್ದವು ಅನ್ನೋದು 2010ರಲ್ಲಿ ಹೊರಬಿತ್ತು. "ಹೆಸರು ತೆಗೆದೇ ಕೊಟ್ಟಿದ್ದೇವೆ" ಅನ್ನುವ ಸಮಾಧಾನ ಇಲ್ಲಿ ಸಾಲದು. ಯಾರದು ಅಂತ ಹೇಳುವ ಗುರುತು ಡಿಎನ್‌ಎಯಲ್ಲೇ ಇದೆ ಅಲ್ವಾ? ಹಾಗಂತ ಕಾರ್ಡುಗಳನ್ನು ನಾಶ ಮಾಡಿದ್ದರಿಂದ ಯಾರಿಗೂ ನಷ್ಟವಾಗಲಿಲ್ಲ ಅನ್ನೋಹಾಗಿಲ್ಲ. ಸಂಶೋಧನೆಗೆ ಅಂತ ಮೊದಲೇ ಕೇಳಿದ್ದರೆ ಬಹಳ ಜನ ಹೂಂ ಅನ್ನುತ್ತಿದ್ದರೋ ಏನೋ. ಈಗ ಅಲ್ಲಿ ಕೇಳುತ್ತಾರೆ: ಹೆತ್ತವರು ಒಪ್ಪದಿದ್ದರೆ ಎರಡು ವರ್ಷದೊಳಗೆ ಕಾರ್ಡ್ ನಾಶ.

ಸ್ವೀಡನ್ನಿನದು ಇನ್ನೂ ಕಷ್ಟದ ಉದಾಹರಣೆ. ಅಲ್ಲಿ 1975ರಿಂದ ಇಂಥ ಕಾರ್ಡುಗಳ ಭಂಡಾರವೇ ಇದೆ. 2003ರಲ್ಲಿ ವಿದೇಶಾಂಗ ಸಚಿವೆ ಅನ್ನಾ ಲಿಂಡ್ ಕೊಲೆಯಾದಾಗ, ಪೊಲೀಸರು ಆರೋಪಿಯ ಮಾದರಿಯನ್ನು ಆ ಭಂಡಾರದಿಂದಲೇ ತರಿಸಿಕೊಂಡರು. ಅವನು ಹುಟ್ಟಿದ್ದು 1978ರಲ್ಲಿ, ಹಾಗಾಗಿ ಅವನ ಕಾರ್ಡೂ ಅಲ್ಲಿತ್ತು. ಮರುವರ್ಷ ಸುನಾಮಿಯಲ್ಲಿ ಸತ್ತ ಸ್ವೀಡಿಷರ ಗುರುತು ಹಿಡಿಯಲು ಅದೇ ಭಂಡಾರ ಬಳಸೋಕೆ ಕಾನೂನನ್ನೇ ತಾತ್ಕಾಲಿಕವಾಗಿ ಬದಲಿಸಿದರು. ಎರಡನೆಯದಕ್ಕೆ ನನ್ನ ಮನಸ್ಸು ಸುಲಭವಾಗಿ ಒಪ್ಪುತ್ತದೆ, ಮೊದಲನೆಯದಕ್ಕೆ ತಡವರಿಸುತ್ತದೆ. ಯಾಕೆ ಅಂತ ಕಾರಣ ಕೊಟ್ಟು ಒಂದು ಪ್ಯಾರಾ ಬರೆದು ನೋಡಿ.