ನಾವು ಮೊಟ್ಟೆಯನ್ನೂ ತಿನ್ನಲ್ಲ, ಫ್ರೆಂಚ್ ಬಿಸ್ಟ್ರೋದಲ್ಲಿ ನಮಗೇನಿದೆ?

ಪ್ರಶ್ನೆ: ಮಗಳಿಗೆ ಕೆಲಸ ಸಿಕ್ಕಿದೆ. ಮೊದಲ ಸಂಬಳದಲ್ಲಿ ನಮ್ಮಿಬ್ಬರನ್ನು ಬೆಂಗಳೂರಿನ ಲ್ಯಾವೆಲ್ ರಸ್ತೆ ಕಡೆಯ ಫ್ರೆಂಚ್ ಬಿಸ್ಟ್ರೋ, ಅಂದರೆ ಫ್ರೆಂಚ್ ಅಡುಗೆಯ ಚಿಕ್ಕ ರೆಸ್ಟೋರೆಂಟ್ ಒಂದಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತಿದ್ದಾಳೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಲ್ಲಿ ನಮಗೆ ಊಟ ಅಂತ ಏನಾದರೂ ಸಿಗುತ್ತಾ? ಅಥವಾ ಬ್ರೆಡ್ಡು, ಬೆಣ್ಣೆ ತಿಂದು ಬರಬೇಕಾ?

ಸಿಗುತ್ತದೆ. ಹೊಟ್ಟೆ ತುಂಬ ಸಿಗುತ್ತದೆ. ಫ್ರಾನ್ಸಿನ ಅಡುಗೆ ಅಂದರೆ ಬರೀ ಮಾಂಸ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಅಲ್ಲಿ ತರಕಾರಿಗೆ, ಹಾಲಿಗೆ, ಬೆಣ್ಣೆಗೆ ದೊಡ್ಡ ಜಾಗ ಇದೆ. ತೊಂದರೆ ಇರುವುದು ತಟ್ಟೆಯಲ್ಲಿ ಕಾಣುವ ಪದಾರ್ಥದಲ್ಲಲ್ಲ, ಕಾಣದ ಹಾಗೆ ಬೆರೆತು ಹೋಗಿರುವುದರಲ್ಲಿ. ಹಾಗಾಗಿ "ಇದು ವೆಜ್ಜಾ?" ಅನ್ನುವ ಒಂದೇ ಪ್ರಶ್ನೆ ಅಲ್ಲಿ ಸಾಲುವುದಿಲ್ಲ. ಇದನ್ನು ನಾನು ಕಲಿತದ್ದು ಬೇಜಾರು ಮಾಡಿಕೊಂಡೇ.

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ನಗರದ ಒಂದು ಬಿಸ್ಟ್ರೋಗೆ ಕರೆದುಕೊಂಡು ಹೋಗಿದ್ದೆ. ಮೆನುವಿನಲ್ಲಿ ಈರುಳ್ಳಿ ಸೂಪ್ ಇತ್ತು. ವೆಜ್ಜಾ ಅಂತ ಕೇಳಿದೆ. "ಹೌದು, ಬರೀ ಈರುಳ್ಳಿ" ಅಂದ ಬಡಿಸುವ ಹುಡುಗ. ಅಮ್ಮ ಅರ್ಧ ಬಟ್ಟಲು ಕುಡಿದ ಮೇಲೆ ನಾನು ಒಂದು ಚಮಚ ರುಚಿ ನೋಡಿದೆ. ಅನುಮಾನ ಬಂತು. ಅಡುಗೆಮನೆಯಲ್ಲಿ ಕೇಳಿಕೊಂಡು ಬಾ ಅಂದೆ. ಕೋಳಿ ಮೂಳೆ ಬೇಯಿಸಿದ ನೀರು ಹಾಕಿದ್ದರು. ಅಮ್ಮ ಏನೂ ಅನ್ನಲಿಲ್ಲ. ಚಮಚ ಕೆಳಗಿಟ್ಟು ನೀರು ಕುಡಿದರು. ಆ ಹುಡುಗ ಬೇಕೂಂತ ಸುಳ್ಳು ಹೇಳಿರಲಿಲ್ಲ. ತುಂಡು ಕಾಣದಿದ್ದರೆ ಅದು ವೆಜ್ ಅಂತ ಅವನು ನಂಬಿದ್ದ. ತಪ್ಪು ಪ್ರಶ್ನೆ ಕೇಳಿದವರು ನಾವು ಅಂತ ಮನೆಗೆ ಬಂದ ಮೇಲೆ ಹೊಳೆಯಿತು.

ಒಬ್ಬಟ್ಟಿನ ಸಾರಿಗೆ ಬೇಳೆ ಕಟ್ಟು ಹೇಗೋ, ಫ್ರೆಂಚ್ ಅಡುಗೆಗೆ ಸ್ಟಾಕ್ ಹಾಗೆ. ಮೂಳೆ, ಕ್ಯಾರೆಟ್, ಈರುಳ್ಳಿ, ಸೆಲರಿ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದ ನೀರು ಅದು. ಫ್ರೆಂಚ್ ಭಾಷೆಯಲ್ಲಿ ಅದನ್ನು ಫೋಂ ಅನ್ನುತ್ತಾರೆ, ಅಂದರೆ ತಳಪಾಯ. ಸೂಪ್, ಸಾಸ್, ಕೆಲವು ಸಲ ತರಕಾರಿ ಬೇಯಿಸುವುದಕ್ಕೂ ಅದೇ. ಈರುಳ್ಳಿ ಸೂಪಿಗೆ ಸಾಂಪ್ರದಾಯಿಕವಾಗಿ ಹಾಕುವುದು ದನದ ಮೂಳೆಯ ಸ್ಟಾಕ್. ನಮ್ಮಲ್ಲಿ ಕೋಳಿಯದ್ದೂ ಹಾಕುತ್ತಾರೆ. ಹಾಗಂತ ಆ ಸೂಪನ್ನು ಕೈಬಿಡಬೇಡಿ. ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ಬೆಣ್ಣೆಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಬಾಡಿಸಿ, ಅದು ಬೆಲ್ಲದ ಬಣ್ಣಕ್ಕೆ ತಿರುಗಿದ ಮೇಲೆ ಮಾಡುವ ಸೂಪ್ ಅದು. ಅಣಬೆಯ ಸ್ಟಾಕ್ ಹಾಕಿ ಮಾಡಿದರೂ ತುಂಬ ಚೆನ್ನಾಗಿರುತ್ತದೆ. ನಗರದಲ್ಲಿ ಹಾಗೆ ಮಾಡುವ ಅಡುಗೆಮನೆಗಳೂ ಇವೆ. ಕೇಳಿ ತಿಳಿದುಕೊಳ್ಳಬೇಕು ಅಷ್ಟೇ.

ಅದೇ ಬಟ್ಟಲಿನಲ್ಲಿ ಇನ್ನೊಂದು ವಿಷಯವೂ ಇದೆ: ಮೇಲೆ ಕರಗಿಸಿದ ಚೀಸ್. ನಾವು ಪನೀರಿಗೆ ಹಾಲು ಒಡೆಸುವುದು ನಿಂಬೆರಸದಿಂದ. ಗಟ್ಟಿ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ರೆನೆಟ್ ಬೇಕು. ಹಳೆಯ ಪದ್ಧತಿಯಲ್ಲಿ ಅದು ಬರುವುದು ಹಾಲು ಕುಡಿಯುವ ಕರುವಿನ ಹೊಟ್ಟೆಯಿಂದ, ಅಂದರೆ ಕರುವನ್ನು ಕೊಂದ ಮೇಲೆ. ಗ್ರುಯೇರ್, ಕೊಂತೆ, ಇಟಲಿಯ ಪಾರ್ಮಿಜಾನೋ ರೆಜ್ಜಾನೋ, ಇವುಗಳನ್ನು ಆ ಹೆಸರಿನಲ್ಲಿ ಮಾರಬೇಕಾದರೆ ಪ್ರಾಣಿಯ ರೆನೆಟ್ಟನ್ನೇ ಬಳಸಬೇಕು ಅಂತ ಅಲ್ಲಿನ ನಿಯಮ. ಹಾಲಿನ ಪದಾರ್ಥ ಅಲ್ವಾ ಅಂತ ನಾವು ಸುಮ್ನೆ ತಿಂದುಬಿಡುತ್ತೇವೆ. ಆದರೆ ಭಾರತದಲ್ಲಿ ತಯಾರಾಗುವ ಬಹಳಷ್ಟು ಚೀಸ್‌ಗೆ ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸುತ್ತಾರೆ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಚೀಸ್ ಮಾಡುವವರಿದ್ದಾರೆ. ಹಾಗಾಗಿ ಬಿಸ್ಟ್ರೋದವರನ್ನು ಕೇಳಬೇಕಾದದ್ದು, ಚೀಸ್ ಇಲ್ಲಿಯದ್ದೋ ಹೊರಗಿನಿಂದ ತರಿಸಿದ್ದೋ, ಹಸಿರು ಚುಕ್ಕೆ ಇದೆಯೋ ಅಂತ. ಇದು ನಿಮಗೆ ಮುಖ್ಯವೋ ಅಲ್ಲವೋ ಅನ್ನುವುದು ನಿಮ್ಮ ಮನೆಯ ನಿರ್ಧಾರ. ಗೊತ್ತಿದ್ದು ತಿನ್ನುವುದು ಬೇರೆ, ಗೊತ್ತಿಲ್ಲದೆ ತಿನ್ನುವುದು ಬೇರೆ.

ಇನ್ನು ವೈನ್. ಸೂಪಿಗೂ ಸಾಸಿಗೂ ಸ್ವಲ್ಪ ಸುರಿಯುವುದು ಅಲ್ಲಿ ಮಾಮೂಲು. "ಕುದಿಸಿದರೆ ಎಲ್ಲ ಹಾರಿಹೋಗುತ್ತೆ" ಅನ್ನುತ್ತಾರೆ, ಅದು ಪೂರ್ತಿ ನಿಜವಲ್ಲ. ಅಮೆರಿಕದ ಕೃಷಿ ಇಲಾಖೆ ಕೊಟ್ಟಿರುವ ಲೆಕ್ಕದಲ್ಲಿ ಒಂದು ಗಂಟೆ ಬೇಯಿಸಿದರೂ ಆಲ್ಕೋಹಾಲಿನ ಸುಮಾರು ಕಾಲು ಭಾಗ ಉಳಿದಿರುತ್ತದೆ. ಬೇಡ ಅನ್ನುವವರು ಮೊದಲೇ ಹೇಳಿಬಿಡಿ.

ಆದ್ದರಿಂದ ಹಿಂದಿನ ದಿನ ಫೋನ್ ಮಾಡುವುದು ಒಳ್ಳೆಯದು. ರಾತ್ರಿ ಎಂಟೂವರೆಗೆ ಅಡುಗೆಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮಾಡಿದರೆ ಶೆಫ್ ಜೊತೆಯೇ ಮಾತಾಡಿಸುತ್ತಾರೆ. ಕೇಳಬೇಕಾದದ್ದು ಇಷ್ಟು: ಸೂಪ್, ಸಾಸ್‌ಗೆ ಯಾವ ಸ್ಟಾಕ್? ಚೀಸ್ ಯಾವುದು? ಹಿಟ್ಟಿಗೆ, ಕ್ರೀಮಿಗೆ ಮೊಟ್ಟೆ ಬಿದ್ದಿದೆಯಾ? ಸಿಹಿಗೆ ಜೆಲಟಿನ್ ಹಾಕುತ್ತೀರಾ? ಜೆಲಟಿನ್ ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದದ್ದು, ಅದಕ್ಕೇ ಈ ಪ್ರಶ್ನೆ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರು ಮನೆಯಲ್ಲಿದ್ದರೆ ಫೋನ್ ಮಾಡದೆ ಹೋಗಲೇಬೇಡಿ. ಅಲ್ಲಿ ಹೆಚ್ಚಿನ ಅಡುಗೆ ಶುರುವಾಗುವುದೇ ಅವುಗಳಿಂದ. ಅಲ್ಲಿಗೆ ಹೋದ ಮೇಲೆ ಬದಲಿಸೋಕೆ ಆಗಲ್ಲ.

ಈಗ ತಿನ್ನುವ ವಿಷಯಕ್ಕೆ ಬರೋಣ.

ಮೊದಲ ಹೆಸರು ರಾಟಟೂಯ್. ಫ್ರಾನ್ಸಿನ ದಕ್ಷಿಣದ ನೀಸ್ ಊರಿನ ಅಡುಗೆ. ಬದನೆಕಾಯಿ, ಟೊಮೆಟೊ, ದಪ್ಪ ಮೆಣಸಿನಕಾಯಿ, ಜುಕಿನಿ, ಈರುಳ್ಳಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಮೊಟ್ಟೆ ಇಲ್ಲ, ಹಾಲಿಲ್ಲ, ಮಾಂಸ ಇಲ್ಲ. ಚೆನ್ನಾಗಿ ಮಾಡುವವರು ಒಂದೊಂದು ತರಕಾರಿಯನ್ನೂ ಬೇರೆ ಬೇರೆ ಹುರಿದು ಕೊನೆಗೆ ಒಟ್ಟು ಸೇರಿಸಿ ಬೇಯಿಸುತ್ತಾರೆ. ಎಲ್ಲ ಒಟ್ಟಿಗೆ ಸುರಿದರೆ ಮುದ್ದೆಯಾಗುತ್ತದೆ, ಒಂದೊಂದರ ರುಚಿ ಉಳಿಯುವುದಿಲ್ಲ. ಬದನೆಕಾಯಿ ಪಲ್ಯ ಇಷ್ಟಪಡುವವರಿಗೆ ಇದು ಹೊಸದು ಅನ್ನಿಸುವುದೇ ಇಲ್ಲ. ಬರೀ ಖಾರ ಕಡಿಮೆ. ಅದನ್ನು ಸಪ್ಪೆ ಅಂದುಕೊಳ್ಳುವ ಮೊದಲು ಬ್ರೆಡ್ಡಿನ ತುಂಡಿನಲ್ಲಿ ಆ ರಸ ಅದ್ದಿ ತಿನ್ನಿ.

ಇನ್ನೊಂದು ಗ್ರಾತಾಂ ದೋಫಿನ್ವಾ. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಮಾಡಿ, ಬೆಳ್ಳುಳ್ಳಿ ಉಜ್ಜಿದ ಪಾತ್ರೆಯಲ್ಲಿ ಪದರ ಪದರವಾಗಿ ಜೋಡಿಸಿ, ಹಾಲು, ಕೆನೆ ಸುರಿದು, ಚೂರು ಜಾಯಿಕಾಯಿ ಹಾಕಿ ಓವನ್ನಿನಲ್ಲಿಟ್ಟು ಬೇಯಿಸಿದ್ದು. ಮೂಲ ಪದ್ಧತಿಯಲ್ಲಿ ಚೀಸ್ ಕೂಡ ಇಲ್ಲ ಅನ್ನುತ್ತಾರೆ. ಆದರೆ ಈಗ ಬಹಳ ಕಡೆ ಮೇಲೆ ಉದುರಿಸುತ್ತಾರೆ. ಬೇಡ ಅಂದರೆ ಬಿಟ್ಟು ಕೊಡುತ್ತಾರೆ. ಮಾಂಸದ ಪಕ್ಕ ಇಡುವ ಪದಾರ್ಥವಾಗಿ ಮೆನುವಿನ ಕೊನೆಯಲ್ಲಿ, ಸೈಡ್ಸ್ ಅನ್ನುವ ಜಾಗದಲ್ಲಿ ಇದು ಅಡಗಿರುತ್ತದೆ. ಸಸ್ಯಾಹಾರಿಗಳು ಮೆನುವನ್ನು ಅಲ್ಲಿಂದಲೇ ಓದಲು ಶುರುಮಾಡಬೇಕು ಅಂತ ನನ್ನ ಸಲಹೆ. "ಅರಿಕೋ ವೆರ್" ಅಂತ ಕಂಡರೆ ಅದು ನಮ್ಮ ಹುರುಳಿಕಾಯಿ, ಎಳೆಯದ್ದು. ಬೆಣ್ಣೆಯಲ್ಲಿ ಬಾಡಿಸಿ ಕೊಡುತ್ತಾರೆ.

ಆ ಬೆಣ್ಣೆಯ ಬಗ್ಗೆ ಒಂದು ಮಾತು. ಬರ್ ನ್ವಾಸೆತ್ ಅಂತ ಒಂದು ಇದೆ, ಬೆಣ್ಣೆಯನ್ನು ಕಂದು ಬಣ್ಣ ಬರುವ ತನಕ ಕಾಯಿಸಿದ್ದು. ಮನೆಯಲ್ಲಿ ತುಪ್ಪ ಕಾಯಿಸುವಾಗ ತಳದ ಗಸಿ ಕೆಂಪಾಗುವ ಗಳಿಗೆಯಲ್ಲಿ ಒಂದು ಪರಿಮಳ ಬರುತ್ತದಲ್ಲ, ಅದೇ ಪರಿಮಳ. ನಾವು ಅದನ್ನು ಸೋಸಿ ತುಪ್ಪ ಇಟ್ಟುಕೊಳ್ಳುತ್ತೇವೆ. ಅವರು ಗಸಿಯ ಸಮೇತ ತರಕಾರಿ ಮೇಲೆ ಸುರಿಯುತ್ತಾರೆ. ಮೊದಲ ಸಲ ಮೂಗಿಗೆ ಬಡಿದಾಗ ನನಗೆ ಅಜ್ಜಿಮನೆಯ ಅಡುಗೆಕೋಣೆಯೇ ಕಣ್ಣಮುಂದೆ ಬಂತು.

ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಗ್ಯಾಲೆಟ್ ಸಿಕ್ಕರೆ ಅದನ್ನೂ ನೋಡಿ. ಬಕ್‌ವೀಟ್ ಹಿಟ್ಟು, ನೀರು, ಉಪ್ಪು ಕಲಸಿ ಹುಯ್ದ ತೆಳ್ಳನೆಯ ದೋಸೆ ಅದು. ಹೆಸರಲ್ಲಿ ವೀಟ್ ಇದ್ದರೂ ಗೋಧಿಗೂ ಅದಕ್ಕೂ ಸಂಬಂಧವಿಲ್ಲ. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಅದೇ. ಹಿಟ್ಟಿಗೆ ಮೊಟ್ಟೆ ಹಾಕುವವರೂ ಇದ್ದಾರೆ, ಕೇಳಿ. ಒಳಗೆ ಅಣಬೆ, ಪಾಲಕ್ ತುಂಬಿಸಿ ಅನ್ನಿ. ಮೈದಾದ ಸಿಹಿ ದೋಸೆ, ಕ್ರೆಪ್, ಬೇರೆ, ಅದಕ್ಕೆ ಮೊಟ್ಟೆ ಇದ್ದೇ ಇರುತ್ತದೆ. ಹಿಟ್ಟಿನ ಚಿಪ್ಪಿನೊಳಗೆ ಕೆನೆ, ಮೊಟ್ಟೆ ಹುಯ್ದು ಬೇಯಿಸುವ ಕೀಶ್‌ಗೂ ಅಷ್ಟೇ. ಹಾಗೇ ದಕ್ಷಿಣ ಫ್ರಾನ್ಸಿನ ಆಲಿವ್ ಚಟ್ನಿ, ತಾಪನಾದ್, ನೋಡಲು ಪೂರ್ತಿ ಸಸ್ಯಾಹಾರ. ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಅರೆದಿರುತ್ತಾರೆ.

ಸಿಹಿಯಲ್ಲಿ ನಮಗೆ ದಾರಿ ಸ್ವಲ್ಪ ಕಿರಿದು. ಕ್ರೆಮ್ ಬ್ರೂಲೆ, ಚಾಕೊಲೇಟ್ ಮೂಸ್, ಸೂಫ್ಲೆ, ಎಲ್ಲದರಲ್ಲೂ ಮೊಟ್ಟೆ. ಉಳಿಯುವುದು ಸೋರ್ಬೆ, ಅಂದರೆ ಹಣ್ಣಿನ ರಸ ಹೆಪ್ಪುಗಟ್ಟಿಸಿದ ಐಸ್, ಮತ್ತು ತಾರ್ತ್ ತಾತಾಂ. ಎರಡನೆಯದು ಬಾಣಲೆಯಲ್ಲಿ ಸಕ್ಕರೆ, ಬೆಣ್ಣೆ ಕರಗಿಸಿ, ಸೇಬು ಜೋಡಿಸಿ, ಮೇಲೆ ಹಿಟ್ಟಿನ ಹಾಳೆ ಹೊದಿಸಿ ಬೇಯಿಸಿ ಕವುಚಿ ಹಾಕಿದ್ದು. ಆ ಹಾಳೆ ಮೊಟ್ಟೆಯಿಲ್ಲದೆ ಮಾಡಿದ್ದೇ ಅಂತ ಖಾತ್ರಿ ಮಾಡಿಕೊಳ್ಳಿ.

ಊಟದ ಕ್ರಮಕ್ಕೆ ಹೆದರಬೇಡಿ. ಎಲೆಯಲ್ಲಿ ಉಪ್ಪು, ಕೋಸಂಬರಿಯಿಂದ ಶುರುವಾಗಿ ಮಜ್ಜಿಗೆಗೆ ಮುಗಿಯುವ ಕ್ರಮ ಗೊತ್ತಿರುವ ನಮಗೆ ಇದು ಕಷ್ಟವಲ್ಲ. ಒಂದಾದ ಮೇಲೊಂದು ಬರುತ್ತದೆ, ನಿಧಾನವಾಗಿ ಬರುತ್ತದೆ. ಎರಡು ಗಂಟೆ ಇಟ್ಟುಕೊಂಡು ಹೋಗಿ. ಫ್ರೆಂಚರ ಈ ಊಟದ ಪದ್ಧತಿಯನ್ನು ಯುನೆಸ್ಕೋ 2010ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಒಂದು ಪದ ಮಾತ್ರ ಗೊಂದಲ ಮಾಡುತ್ತದೆ. ಆಂಟ್ರೇ ಅಂದರೆ ಫ್ರಾನ್ಸಿನಲ್ಲಿ ಊಟದ ಮೊದಲ ಪದಾರ್ಥ, ಅಮೆರಿಕದಲ್ಲಿ ಮುಖ್ಯ ಪದಾರ್ಥ. ನಮ್ಮೂರ ಮೆನುಗಳಲ್ಲಿ ಎರಡೂ ಅರ್ಥ ಕಂಡಿದ್ದೇನೆ. ಚಾಕು, ಫೋರ್ಕ್ ಹೊರಗಿನಿಂದ ಒಳಕ್ಕೆ ಬಳಸುತ್ತ ಬರುವುದು. ಬ್ರೆಡ್ಡನ್ನು ಕೈಯಲ್ಲೇ ಮುರಿಯುವುದು. ಅಷ್ಟು ಸಾಕು.

ಬಿಸ್ಟ್ರೋ ಅಂದರೆ ಪ್ಯಾರಿಸ್ಸಿನಲ್ಲಿ ಮೊದಲಿಗೆ ಖಾನಾವಳಿಯಂಥ ಜಾಗ. ಚಿಕ್ಕ ಕೋಣೆ, ಮನೆಯಡುಗೆ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಂದಿನ ವಿಶೇಷ. ಬೆಂಗಳೂರಿಗೆ ಬಂದ ಮೇಲೆ ಅದು ದುಬಾರಿಯಾಗಿದೆ. ಬಾಡಿಗೆ, ಹೊರಗಿನಿಂದ ತರಿಸುವ ಚೀಸ್, ವೈನ್ ಅದಕ್ಕೆ ಕಾರಣ. ನೀವು ತಿನ್ನುವುದು ಆಲೂಗಡ್ಡೆ, ಬದನೆಕಾಯಿ. ಹಾಗಾಗಿ ನಿಮ್ಮ ಪಾಲಿನ ಖರ್ಚು ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ.

ಬಿಲ್ಲಿನಲ್ಲಿ ಒಂದು ಸಾಲು ನೋಡಿಕೊಳ್ಳಲು ಮಗಳಿಗೆ ಹೇಳಿ. ಸ್ವತಂತ್ರ ರೆಸ್ಟೋರೆಂಟ್ ಆದರೆ ಊಟದ ಮೇಲೆ ಜಿಎಸ್‌ಟಿ 5%. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಕೋಣೆಗಳಿರುವ ಹೋಟೆಲಿನೊಳಗಿದ್ದರೆ 18%. ಇದು ಕೊಡಲೇಬೇಕಾದ ತೆರಿಗೆ. ಸರ್ವೀಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳಬಹುದು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದವರು ನಿಮ್ಮ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಓಡಾಡಿ ಉತ್ತರ ತಂದಿದ್ದರೆ ಅವರ ಕೈಗೇ ಒಂದಿಷ್ಟು ಕೊಡಿ.

ಅಮ್ಮನನ್ನು ಮತ್ತೆ ಕರೆದುಕೊಂಡು ಹೋದಾಗ, ಬೇರೆ ಜಾಗಕ್ಕೆ, ಮೊದಲೇ ಫೋನ್ ಮಾಡಿ, ನಾನು ಹೇಳಿದ್ದು ಹೀಗೆ: ಅಣಬೆ ಸ್ಟಾಕಿನ ಈರುಳ್ಳಿ ಸೂಪ್ ಒಂದು, ಇಬ್ಬರಿಗೂ ಹಂಚಿ. ರಾಟಟೂಯ್ ಒಂದು, ಚೀಸ್ ಇಲ್ಲದ ಗ್ರಾತಾಂ ಒಂದು, ಹುರುಳಿಕಾಯಿ, ಜಾಸ್ತಿ ಬ್ರೆಡ್. ಕೊನೆಗೆ ತಾರ್ತ್ ತಾತಾಂ. ಸೂಪ್ ಬಂದಾಗ ಅಮ್ಮ ಚಮಚ ಎತ್ತಿ ನನ್ನ ಮುಖ ನೋಡಿದರು. ಕೇಳಿದ್ದೀನಿ ಅಂದೆ. ಬಟ್ಟಲು ಖಾಲಿ ಮಾಡಿದರು.