ಬೈಲುಕುಪ್ಪೆ ಮತ್ತು ಅದರ ನೆರೆಹೊರೆ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯನ್ನು ಸುತ್ತಲಿನ ಜನ ಇಂದಿಗೂ ‘ಕ್ಯಾಂಪು’ ಎಂದೇ ಕರೆಯುತ್ತಾರೆ. ಟಿಬೆಟ್‌ನಿಂದ ಬಂದ ನಿರಾಶ್ರಿತರು ಕೆಲವು ವರ್ಷವಿದ್ದು ತಾಯ್ನಾಡಿಗೆ ಮರಳುವರೆಂಬ ಅಂದಿನ ನಂಬಿಕೆ ಈ ಮಾತಿನಲ್ಲಿ ಉಳಿದುಕೊಂಡಿದೆ. ಮರಳುವ ದಿನ ಬರಲಿಲ್ಲ. ಇಲ್ಲಿನ ಬೌದ್ಧ ಭಿಕ್ಷುಗಳು ಅನ್ಯಧರ್ಮೀಯರೊಡನೆ ಇಟ್ಟುಕೊಂಡಿರುವ ಸಂಬಂಧವನ್ನು ಅರಿಯಬೇಕಾದರೆ ಸರ್ವಧರ್ಮ ಸಭೆಗಳ ವೇದಿಕೆಗಿಂತ ಮೊದಲು ಈ ನೆಲದ ಕಥೆಯನ್ನು ನೋಡಬೇಕು.

1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಬಳಿಕ, ಅವರ ಹಿಂದೆಯೇ ಬಂದ ಸಾವಿರಾರು ಜನರಿಗೆ ನೆಲೆ ಕಲ್ಪಿಸಲು ಕೇಂದ್ರ ಸರ್ಕಾರವು ರಾಜ್ಯಗಳನ್ನು ಕೋರಿದಾಗ, ಅಂದಿನ ಮೈಸೂರು ರಾಜ್ಯವು ಇಲ್ಲಿ ಸುಮಾರು 3000 ಎಕರೆ ಭೂಮಿಯನ್ನು ಕೊಟ್ಟಿತು. ಅದು ಬಹುಪಾಲು ಕಾಡು. ಶೀತಪ್ರದೇಶದಿಂದ ಬಂದವರು ಇಲ್ಲಿನ ಸೆಕೆಯನ್ನು ಸಹಿಸುತ್ತಾ, ಮರ ಕಡಿದು, ಆನೆಗಳ ಹಾವಳಿಯ ನಡುವೆ ಮುಸುಕಿನ ಜೋಳ ಬೆಳೆಯಲು ಕಲಿತರು. ಟಿಬೆಟಿಯನ್ ಬೌದ್ಧ ಗುರು ಪೆನೋರ್ ರಿಂಪೋಚೆ ಅವರು 1963ರಲ್ಲಿ ಬಿದಿರಿನ ಪುಟ್ಟ ಮಂದಿರವೊಂದರಿಂದ ನಮ್‌ಡ್ರೋಲಿಂಗ್ ಮಠವನ್ನು ಆರಂಭಿಸಿದರು. ಪ್ರವಾಸಿಗರು ‘ಗೋಲ್ಡನ್ ಟೆಂಪಲ್’ ಎಂದು ನೋಡಿಹೋಗುವ ಮಂದಿರವು ಉದ್ಘಾಟನೆಯಾದದ್ದು 1999ರಲ್ಲಿ. ಟಿಬೆಟ್‌ನ ಸೆರಾ ಮಠವೂ 1970ರ ವೇಳೆಗೆ ಇಲ್ಲಿ ಮರುಸ್ಥಾಪನೆಗೊಂಡಿತ್ತು.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವ ಅಧ್ಯಾಯವು ಮಠಗಳದ್ದಲ್ಲ. ನಿರಾಶ್ರಿತರ ಪುನರ್ವಸತಿಗಾಗಿಯೇ 1968ರಲ್ಲಿ ‘ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ’ ಎಂಬ ಸಂಸ್ಥೆ ಹುಟ್ಟಿತು. ‘ಮೈರಾಡ’ ಎಂದರೆ ನಮ್ಮ ಹಳ್ಳಿಗಳಲ್ಲಿ ಈಗಲೂ ಗುರುತು ಹಿಡಿಯುವವರಿದ್ದಾರೆ. ಅದು ಧಾರ್ಮಿಕ ಸಂಸ್ಥೆಯಲ್ಲ. ಟಿಬೆಟಿಯನ್ನರು ನೆಲೆ ನಿಂತ ಮೇಲೆ ಅದು ಸುತ್ತಲಿನ ಬಡ ರೈತರು ಮತ್ತು ಕೂಲಿಕಾರರ ಕಡೆಗೆ ತಿರುಗಿತು. ಎಂಬತ್ತರ ದಶಕದಲ್ಲಿ ಹಳ್ಳಿಗರು ತಾವೇ ಉಳಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸಣ್ಣ ಗುಂಪುಗಳನ್ನು ಕಟ್ಟಿತು. ಆ ಪ್ರಯೋಗಕ್ಕೆ 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ ನಬಾರ್ಡ್ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆಯನ್ನು ದೇಶದಲ್ಲಿ ಆರಂಭಿಸಿತು. ಇಂದು ಸಂಘದ ಸಾಲದಿಂದ ಹಸು ಕೊಳ್ಳುವ ಹೆಣ್ಣುಮಗಳಿಗೂ, ಆರು ದಶಕಗಳ ಹಿಂದೆ ಕಾಡು ಕಡಿದ ನಿರಾಶ್ರಿತನಿಗೂ ಹೀಗೊಂದು ನಂಟು ಇದೆ.

ಇದರ ಜೊತೆಗೆ ದಿನನಿತ್ಯದ ವ್ಯವಹಾರವೂ ಬೆಳೆಯಿತು. ಹೊಲದ ಕೆಲಸಕ್ಕೆ ಅಕ್ಕಪಕ್ಕದ ಊರಿನವರು ಬರುತ್ತಾರೆ. ಸಂತೆ, ಅಂಗಡಿಗಳು ಕಾವೇರಿಯಾಚೆಯ ಕುಶಾಲನಗರದೊಂದಿಗೆ ಬೆಸೆದಿವೆ. ನೆಲೆಯ ಆಸ್ಪತ್ರೆಗಳಿಗೆ ಸ್ಥಳೀಯರೂ ಹೋಗುತ್ತಾರೆ. ಧರ್ಮಗಳ ನಡುವಣ ಸಾಮರಸ್ಯವನ್ನು ತಮ್ಮ ಜೀವನದ ಮುಖ್ಯ ಬದ್ಧತೆಗಳಲ್ಲಿ ಒಂದೆಂದು ದಲೈಲಾಮಾ ಅವರು ಹೇಳುತ್ತ ಬಂದಿದ್ದಾರೆ. ಆ ಮಾತಿಗೆ ಇಲ್ಲಿ ಆಧಾರವಾದದ್ದು ಈ ಕೊಡುಕೊಳ್ಳುವಿಕೆಯೇ ಎಂದು ನಾನು ಭಾವಿಸುತ್ತೇನೆ.

ಆದರೆ ಮೈಸೂರು ಸೀಮೆಯ ಬೌದ್ಧರೆಂದರೆ ಟಿಬೆಟಿಯನ್ನರು ಮಾತ್ರ ಅಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ಮೇಲೆ ಅದೇ ಹಾದಿಯನ್ನು ಹಿಡಿದ ಕನ್ನಡಿಗರು ಇಲ್ಲಿದ್ದಾರೆ. ಪರಿಶಿಷ್ಟ ಜಾತಿಯ ಸೌಲಭ್ಯಗಳು ಬೌದ್ಧರಾದವರಿಗೂ ದೊರೆತದ್ದು 1990ರ ತಿದ್ದುಪಡಿಯಿಂದ. ಅದುವರೆಗೆ ಮತಾಂತರವು ಹಲವು ಕುಟುಂಬಗಳಿಗೆ ಓದು, ಉದ್ಯೋಗಗಳ ನಷ್ಟದ ಭಯವನ್ನೂ ತರುತ್ತಿತ್ತು. ಇವರಿಗೆ ಬುದ್ಧನು ಮೊದಲಿಗೆ ಸಮಾನತೆಯ ಗುರು, ಜಾತಿಯನ್ನು ನಿರಾಕರಿಸಿದವನು. ಟಿಬೆಟಿಯನ್ ಮಠದ, ಮಂತ್ರ-ತಂತ್ರಗಳ ವಜ್ರಯಾನ ಪಂಥದ ವಿಧಿಗಳಿಗೂ ಇವರ ಪ್ರಾರ್ಥನಾ ಮಂದಿರವಾದ ವಿಹಾರದ ತ್ರಿಸರಣ (ಬುದ್ಧ, ಧಮ್ಮ, ಸಂಘಗಳಿಗೆ ಶರಣು), ಪಂಚಶೀಲ (ಐದು ನೀತಿಗಳು)ಗಳಿಗೂ ರೂಪದಲ್ಲಿ ಬಹಳ ಅಂತರವಿದೆ. ಅನ್ಯಧರ್ಮೀಯರೊಂದಿಗೆ ಸಂವಾದವನ್ನು ಹಮ್ಮಿಕೊಳ್ಳುವವರು ಈ ಎರಡು ಬೌದ್ಧ ಸಮುದಾಯಗಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕೆಂಬುದು ನನ್ನ ಬಲವಾದ ಅನಿಸಿಕೆ.

ಅದಕ್ಕೆ ಬೇಕಾದ ಭಾಷೆ ಕನ್ನಡ. ಅಶೋಕನ ಕಾಲದಲ್ಲಿ ಮಹಾದೇವನೆಂಬ ಹಿರಿಯ ಭಿಕ್ಷುವನ್ನು (ಥೇರ) ಮಹಿಷಮಂಡಲಕ್ಕೆ ಕಳುಹಿಸಲಾಯಿತೆಂದು ಸಿಂಹಳದ ಪ್ರಾಚೀನ ಇತಿಹಾಸ ಗ್ರಂಥ ‘ಮಹಾವಂಸ’ ಹೇಳುತ್ತದೆ. ಅದು ಮೈಸೂರು ಸೀಮೆಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ, ನರ್ಮದೆಯ ಕಡೆಗೆ ಬೆರಳು ತೋರುವವರೂ ಇದ್ದಾರೆ. ಆ ಚರ್ಚೆ ಹೇಗೇ ಇರಲಿ, ಜಿ.ಪಿ. ರಾಜರತ್ನಂ ಅವರು ಪಾಲಿ ಭಾಷೆಯ ಬೌದ್ಧ ಕಥೆಗಳನ್ನು ಕಳೆದ ಶತಮಾನದಲ್ಲೇ ಸರಳ ಕನ್ನಡಕ್ಕೆ ತಂದಿದ್ದಾರೆ. ಆ ಕಥೆಗಳನ್ನು ಮಠದ ಎಳೆಯ ಭಿಕ್ಷುವೂ ವಿಹಾರಕ್ಕೆ ಬರುವ ಹುಡುಗಿಯೂ ಪಕ್ಕದ ಹಳ್ಳಿಯ ಶಾಲೆಯ ಮಕ್ಕಳೂ ಜೊತೆಯಲ್ಲಿ ಓದಬಹುದು.